ಧ್ಯಾನದ ಫಲ, ಧ್ಯಾನದ ಬೆಲೆ

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಮರಾಠಿ ದಿನಪತ್ರಿಕೆಯ ಮಡಿಕೆಯೊಳಗಿನಿಂದ ಬಣ್ಣದ ಚೀಟಿಯೊಂದು ಜಾರಿ ಬಿದ್ದಿತು. ಏಳು ದಿನಗಳ ಧ್ಯಾನ ಶಿಬಿರ, ದಿನಕ್ಕೆ ಎರಡು ಗಂಟೆ, ಪ್ರವೇಶ ಶುಲ್ಕ ಇಂತಿಷ್ಟು. ಅದರ ಕೆಳಗೆ ಧ್ಯಾನದಿಂದ ಗುಣವಾಗುವ ಬೇನೆಗಳ ಪಟ್ಟಿ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ರಾಹೀನತೆ, ಅರೆತಲೆನೋವು, ಖಿನ್ನತೆ, ಮೂಲವ್ಯಾಧಿ. ಮೂಲವ್ಯಾಧಿಯವರು ನೆಲದ ಮೇಲೆ ಎರಡು ಗಂಟೆ ಕುಳಿತುಕೊಳ್ಳುವ ಕಷ್ಟವನ್ನು ಬಲ್ಲವರಾರೂ ಆ ಪಟ್ಟಿಯನ್ನು ಬರೆದಿರಲಾರರು. ಪುಣೆಯಲ್ಲಿ ನಾಲ್ಕು ದಶಕಗಳನ್ನು ಕಳೆದವನಿಗೆ ಇಂಥ ಚೀಟಿಗಳು ಹೊಸವಲ್ಲ. ಆದರೆ ಅಂದು ಅದನ್ನು ಮಡಿಸಿ ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಏಕೆಂದರೆ ಇಂಥದೇ ಒಂದು ಚೀಟಿ ನಮ್ಮ ಮನೆತನದಲ್ಲಿ ಒಬ್ಬರ ಬಲಗೈಯನ್ನು ತೆಗೆದುಕೊಂಡಿದೆ.

ನನ್ನ ಸೋದರಮಾವ ಖಡಕಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮೂಲತಃ ಜಮಖಂಡಿ ಸೀಮೆಯವರು. ರಕ್ತದೊತ್ತಡಕ್ಕೆ ಹನ್ನೆರಡು ವರ್ಷಗಳಿಂದ ನಿತ್ಯ ಒಂದು ಗುಳಿಗೆ ತೆಗೆದುಕೊಳ್ಳುತ್ತಿದ್ದರು. ನೆರೆಮನೆಯವರ ಒತ್ತಾಯದಿಂದ ಒಂದು ಶಿಬಿರಕ್ಕೆ ಹೋದರು. ಹೋಗಿ ಬಂದ ಮೇಲೆ ಅವರಲ್ಲಿ ಆದ ಬದಲಾವಣೆ ನಿಜವಾದದ್ದೆಂದು ನಾನು ಸಾಕ್ಷಿ ಹೇಳಬಲ್ಲೆ. ಸಿಡುಕು ಕಡಿಮೆಯಾಯಿತು, ನಿದ್ದೆ ಹತ್ತಿತು, ಊಟದ ಹೊತ್ತಿಗೆ ದೂರದರ್ಶನದ ಸುದ್ದಿ ಕೇಳಿ ಕೂಗಾಡುವುದು ನಿಂತಿತು. ತಿಂಗಳೊಪ್ಪತ್ತಿನಲ್ಲಿ ಅಳೆಸಿದಾಗ ಒತ್ತಡವೂ ತುಸು ಇಳಿದಿತ್ತು. ಆಗ ಶಿಬಿರದ ಸ್ವಯಂಸೇವಕನೊಬ್ಬ, ದೇಹ ತಾನೇ ತನ್ನನ್ನು ಸಂಭಾಳಿಸಿಕೊಳ್ಳುವಾಗ ಹೊರಗಿನ ರಸಾಯನವೇಕೆ ಎಂದನಂತೆ. ಮಾವ ಗುಳಿಗೆ ಬಿಟ್ಟರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ನಸುಕಿನಲ್ಲಿ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಪ್ರಾಣ ಉಳಿಯಿತು, ಬಲಗೈ ಮರಳಲಿಲ್ಲ, ಮಾತು ಅರ್ಧ ಮರಳಿತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಧ್ಯಾನವೆಲ್ಲ ಬೂಟಾಟಿಕೆ ಎಂದುಬಿಡುವುದು ಸುಲಭವಿತ್ತು. ನನ್ನ ಸ್ವಭಾವಕ್ಕೆ ಅದು ಒಪ್ಪುತ್ತಲೂ ಇತ್ತು. ಆದರೆ ಅದಕ್ಕೆ ಅಡ್ಡ ಬಂದವರು ಸ್ವತಃ ಮಾವನೇ. ಇಂದಿಗೂ ಅವರು ಬೆಳಿಗ್ಗೆ ಐದಕ್ಕೆ ಗೋಡೆಗೊರಗಿ ಕೂಡುತ್ತಾರೆ, ಎಡಗೈಯಲ್ಲಿ ಜಪಮಾಲೆ ಎಣಿಸುತ್ತಾರೆ, ಎದ್ದ ಮೇಲೆ ಗುಳಿಗೆ ನುಂಗುತ್ತಾರೆ. ಇಷ್ಟಾದರೂ ಬಿಡಲಿಲ್ಲವೇ ಮಾಮಾ, ಎಂದು ಒಮ್ಮೆ ಕೇಳಿದೆ. ತಡವರಿಸುತ್ತ ಅವರು ಹೇಳಿದ ಮಾತು ಇದು: “ಗುಳಿಗಿ ಬ್ಯಾರೆ, ಧ್ಯಾನ ಬ್ಯಾರೆ, ತಮ್ಮಾ. ಅದನ್ನ ಇದರ ಲೆಕ್ಕಕ್ಕ ಹಚ್ಚಿದೆ ನೋಡು, ಅದ ನನ್ನ ತಪ್ಪು.” ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಈ ಮಾತಿಗಿಂತ ಹೆಚ್ಚಿನದೇನೂ ಅಲ್ಲ. ಆದರೆ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚುವ ಈ ತಪ್ಪು ಈಗ ಮಾವನೊಬ್ಬರದಾಗಿ ಉಳಿದಿಲ್ಲವಾದ್ದರಿಂದ ತುಸು ವಿಸ್ತರಿಸಿ ಬರೆಯಬೇಕಾಗಿದೆ.

ಧ್ಯಾನವೆಂದೊಡನೆ ಪುಣೆಯ ಹೊರಗಿನವರಿಗೆ ನೆನಪಾಗುವುದು ಕೋರೇಗಾಂವ ಪಾರ್ಕು. 1974ರಲ್ಲಿ ರಜನೀಶರು ಅಲ್ಲಿ ಆಶ್ರಮ ಸ್ಥಾಪಿಸಿದರು. 1981ರಲ್ಲಿ ಅಮೆರಿಕಕ್ಕೆ ಹೋಗಿ 1987ರಲ್ಲಿ ಮರಳಿದರು. 1990ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಕುಣಿದು, ಕೂಗಿ, ದಣಿದು, ಬಳಿಕ ಮೌನಕ್ಕಿಳಿಯುವ ಅವರ ವಿಧಾನದ ಬಗ್ಗೆ ನಗುವವರು ನಗಲಿ. ಸುಮ್ಮನೆ ಕೂಡಲಾಗದ ಆಧುನಿಕ ಮನುಷ್ಯನ ಮನಸ್ಸನ್ನು ಅವರು ಚೆನ್ನಾಗಿ ಅರಿತಿದ್ದರೆಂಬುದನ್ನು ಒಪ್ಪಬೇಕು. ಆದರೆ ಅದು ನಮ್ಮ ದಾರಿಯಾಗಿರಲಿಲ್ಲ. ಪುಣೆಯ ಕನ್ನಡಿಗರಿಗೆ ಅದಕ್ಕಿಂತ ಬಹಳ ಹಿಂದಿನ, ಸದ್ದಿಲ್ಲದ ಒಂದು ಧ್ಯಾನಪರಂಪರೆಯುಂಟು. ಅದರ ಹೆಸರನ್ನು ನಮ್ಮ ಮಕ್ಕಳು ಕೇಳಿರುವುದಿಲ್ಲವೆಂಬುದೇ ವಿಷಾದ.

ಸೋಲಾಪುರದಿಂದ ವಿಜಯಪುರಕ್ಕೆ ಹೋಗುವ ರೈಲು ಇಂಡಿ ತಾಲೂಕಿನ ನಿಂಬಾಳದಲ್ಲಿ ಕೆಲವು ನಿಮಿಷ ನಿಲ್ಲುತ್ತದೆ. ನಿಲ್ದಾಣದ ಬಳಿಯೇ ಒಂದು ಆಶ್ರಮ. ಅದು ಗುರುದೇವ ರಾನಡೆಯವರ ಸ್ಥಳ. ರಾಮಚಂದ್ರ ದತ್ತಾತ್ರೇಯ ರಾನಡೆ 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದರು. ಹದಿನೈದರ ಹರೆಯದಲ್ಲಿ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶ ಪಡೆದರು. ಉಮದಿ ಇಂದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿಗೆ ಸೇರಿದ ಊರು. ಅಲ್ಲಿಯ ಸಂತೆಯ ಮಾತು ಇಂದಿಗೂ ಕನ್ನಡ. ಭಾವೂಸಾಹೇಬರ ಗುರು ನಿಂಬರಗಿ ಮಹಾರಾಜರು ಲಿಂಗಾಯತ ಮನೆತನದವರು, ಭಾವೂಸಾಹೇಬರು ಬ್ರಾಹ್ಮಣರು. ಅವರ ಸಮಾಧಿಯಿರುವ ಇಂಚಗೇರಿಯ ಹೆಸರಿನಿಂದಲೇ ಆ ಸಂಪ್ರದಾಯ ಪ್ರಸಿದ್ಧವಾಯಿತು. ಮರಾಠಿಯ ದಾಸಬೋಧವೂ ಕನ್ನಡದ ಪದಗಳೂ ಅಲ್ಲಿ ಒಂದೇ ಚಾಪೆಯ ಮೇಲೆ ಕುಳಿತವು. ಗಡಿಯ ಬಗ್ಗೆ ಎರಡು ರಾಜ್ಯಗಳು ನ್ಯಾಯಾಲಯದಲ್ಲಿ ವಾದಿಸುತ್ತಿರುವ ಈ ಕಾಲದಲ್ಲಿ ಇದನ್ನು ನೆನೆದರೆ ತಪ್ಪಿಲ್ಲ.

ಆ ಸಂಪ್ರದಾಯದಲ್ಲಿ ಧ್ಯಾನಕ್ಕೆ ಬಳಕೆಯ ಹೆಸರು ‘ನೇಮ’. ಈ ಪದವನ್ನು ಗಮನಿಸಬೇಕು. ಶಿಬಿರವಲ್ಲ, ಚಿಕಿತ್ಸೆಯಲ್ಲ; ಹಲ್ಲುಜ್ಜಿದಂತೆ, ದನಕ್ಕೆ ಮೇವು ಹಾಕಿದಂತೆ ನಿತ್ಯ ಮಾಡಬೇಕಾದ ಒಂದು ಕೆಲಸ. ಅದನ್ನು ಮಾಡಿದವರು ಒಕ್ಕಲಿಗರು, ಶಾಲಾಮಾಸ್ತರರು, ಕಾರಕೂನರು, ಅಂಗಡಿಕಾರರು. ಇದೇ ಸಂಪ್ರದಾಯದ ಸಿದ್ಧರಾಮೇಶ್ವರ ಮಹಾರಾಜರ ಶಿಷ್ಯರಾದ ನಿಸರ್ಗದತ್ತ ಮಹಾರಾಜರು ಮುಂಬಯಿಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದರೆಂಬುದು ಜಗತ್ತಿಗೇ ಗೊತ್ತು. ಮನೆ ಬಿಡು, ಹೊಲ ಬಿಡು ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ. ಅಂತೆಯೇ ಕಣ್ಣುಮುಚ್ಚಿ ಕುಳಿತರೆ ಊರಿನ ಅನ್ಯಾಯ ಕಾಣಬಾರದೆಂದೂ ಹೇಳಲಿಲ್ಲ. ಇಂಚಗೇರಿ ಮಠದ ಮುರಗೋಡದ ಮಹಾದೇವ ಮಹಾರಾಜರು ಶಿಷ್ಯರೊಂದಿಗೆ ಸ್ವಾತಂತ್ರ್ಯ ಹೋರಾಟಕ್ಕಿಳಿದರು, ಅಂತರ್ಜಾತೀಯ ವಿವಾಹಗಳನ್ನು ಮಾಡಿಸಿದರು. ಬೆಳಗಿನ ನೇಮ ಅವರನ್ನು ಸಮಾಧಾನಿಗಳನ್ನಾಗಿ ಮಾಡಿತು, ಸುಮ್ಮನಿರುವವರನ್ನಾಗಿ ಮಾಡಲಿಲ್ಲ.

ರಾನಡೆಯವರು ಓದಿದ್ದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ. 1914ರಿಂದ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದರು. ಅದೇ ವರ್ಷಗಳಲ್ಲಿ ಧಾರವಾಡದ ತರುಣರೊಬ್ಬರು ಅದೇ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದು 1918ರಲ್ಲಿ ಪದವಿ ಪಡೆದರು. ಅವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಮುಂದೆ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕುಲಪತಿಯೂ ಆಗಿ, ನಿವೃತ್ತರಾದ ಮೇಲೆ ನಿಂಬಾಳದಲ್ಲಿ ನೆಲೆಸಿ 1957ರ ಜೂನ್ 6ರಂದು ಅಲ್ಲಿಯೇ ದೇಹವಿಟ್ಟರು. ಉಪನಿಷತ್ತುಗಳ ಕುರಿತ ಅವರ ಗ್ರಂಥ 1926ರದು, ಮಹಾರಾಷ್ಟ್ರದ ಅನುಭಾವದ ಕುರಿತದ್ದು 1933ರದು. ಕನ್ನಡ ಸಾಹಿತ್ಯದಲ್ಲಿನ ಪರಮಾರ್ಥ ಮಾರ್ಗವನ್ನು ಕುರಿತು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸಗಳು ಅವರ ನಿಧನಾನಂತರ ಪುಸ್ತಕವಾದವು.

ನನಗೆ ಇಲ್ಲಿ ಮುಖ್ಯವಾದದ್ದು ಅವರು ಒತ್ತಿ ಹೇಳಿದ ಒಂದು ವಿಚಾರ. ಧ್ಯಾನದಲ್ಲಿ ಬೆಳಕು ಕಂಡೆ, ನಾದ ಕೇಳಿದೆ ಎನ್ನುವವರನ್ನು ಅವರು ಅಲ್ಲಗಳೆಯಲಿಲ್ಲ. ತಮ್ಮ ಬರಹದಲ್ಲಿ ಅಂಥ ಅನುಭವಗಳಿಗೆ ದೊಡ್ಡ ಸ್ಥಾನವನ್ನೇ ಕೊಟ್ಟರು. ಆದರೆ ಆ ಅನುಭವ ನಿಜವೇ ಎಂಬುದಕ್ಕೆ ಒರೆಗಲ್ಲುಗಳನ್ನೂ ಇಟ್ಟರು. ಬುದ್ಧಿ ಮೊಂಡಾಗಿರಬಾರದು, ಭಾವ ಶುದ್ಧವಾಗಬೇಕು, ನಡತೆ ಮೇಲಾಗಬೇಕು. ಧ್ಯಾನಿಸಿದವನ ನೀತಿ ಬೆಳೆಯದಿದ್ದರೆ ಅವನು ಕಂಡದ್ದು ಏನಾಗಿದ್ದರೂ ಅನುಭಾವವಲ್ಲವೆಂಬುದು ಅವರ ನಿಲುವು. ತತ್ವಶಾಸ್ತ್ರದ ಪ್ರಾಧ್ಯಾಪಕನೊಬ್ಬ ಧ್ಯಾನಿಯೂ ಆಗಿದ್ದರೆ ಆಗುವ ಲಾಭ ಇದು. ಚೀಟಿಯ ಮೇಲಿನ ಬೇನೆಗಳ ಪಟ್ಟಿಯನ್ನು ಅವರ ಮುಂದೆ ಹಿಡಿದಿದ್ದರೆ ಏನೆನ್ನುತ್ತಿದ್ದರೋ ಊಹಿಸಬಹುದು. ಜೀವಮಾನವೆಲ್ಲ ಕೃಶ ದೇಹ, ಸೂಕ್ಷ್ಮ ಆರೋಗ್ಯ ಅವರದು. ಅದರ ನಡುವೆಯೂ ನೇಮ ತಪ್ಪಿಸಲಿಲ್ಲ. ಆದರೆ ಅವರ ನೇಮದ ಗುರಿ ಆರೋಗ್ಯವಾಗಿರಲಿಲ್ಲ.

ದೇಹದ ದಾರಿಯಿಂದ ಬಂದವರು ಇನ್ನೊಬ್ಬರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾ ಮಾರಿಯ ಕಾಲದಲ್ಲಿ ಹುಟ್ಟಿದ ಸುಂದರರಾಜ. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯ ಒಂದರ ಹಿಂದೊಂದು ಕಾಡಿದವು. 1934ರಲ್ಲಿ ಮೈಸೂರಿಗೆ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಮನೆಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ದಿನಗಳವು. 1937ರಲ್ಲಿ, ಹತ್ತೊಂಬತ್ತೂ ತುಂಬದ ಆ ತರುಣನನ್ನು ಗುರುಗಳು ಪುಣೆಗೆ ಕಳಿಸಿದರು. ಆರು ತಿಂಗಳಿಗೆಂದು ಬಂದವರು ಎಪ್ಪತ್ತೇಳು ವರ್ಷ ಉಳಿದರು. ಅವರೇ ಬಿ. ಕೆ. ಎಸ್. ಅಯ್ಯಂಗಾರ್, ಹೆಸರಿನ ಮೊದಲ ಅಕ್ಷರ ಬೆಳ್ಳೂರು.

ಮರಾಠಿ ಬಾರದ, ಮೆಟ್ರಿಕ್ ದಾಟದ, ಹೊಟ್ಟೆಗೆ ಸಾಕಷ್ಟಿಲ್ಲದ ಹುಡುಗನೊಬ್ಬ ಡೆಕ್ಕನ್ ಜಿಮಖಾನಾದಂಥ ಕಡೆಗಳಲ್ಲಿ ತನಗಿಂತ ಬಲಿಷ್ಠರಾದವರಿಗೆ ಆಸನ ಕಲಿಸಬೇಕಾಗಿ ಬಂದ ಆ ದಿನಗಳನ್ನು ಹೊರನಾಡ ಕನ್ನಡಿಗರಾದ ನಾವು ವಿಶೇಷವಾಗಿ ಅರ್ಥಮಾಡಿಕೊಳ್ಳಬಲ್ಲೆವು. 1952ರಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರ ಪರಿಚಯ, 1954ರಲ್ಲಿ ಯುರೋಪು, 1966ರಲ್ಲಿ ಜಗತ್ತನ್ನು ಸುತ್ತಿದ ಅವರ ಯೋಗಗ್ರಂಥ. ಇವೆಲ್ಲ ಎಲ್ಲರಿಗೂ ತಿಳಿದ ಸಂಗತಿಗಳು. ಪತ್ನಿ ರಮಾಮಣಿಯವರು 1973ರಲ್ಲಿ ತೀರಿಕೊಂಡರು. ಅವರ ನೆನಪಿಗೆಂದು ಕಟ್ಟಿದ ಸಂಸ್ಥೆ 1975ರ ಜನವರಿಯಲ್ಲಿ ಮಾಡೆಲ್ ಕಾಲೊನಿಯ ಸಮೀಪ ಆರಂಭವಾಯಿತು. ಎಂಟು ಅಂಗಗಳ ಗುರುತಾಗಿ ಎಂಟು ಕಂಬಗಳುಳ್ಳ ಆ ಕಟ್ಟಡವನ್ನು ನೋಡದವರು ಒಮ್ಮೆ ನೋಡಿ ಬರಬೇಕು.

ಅಯ್ಯಂಗಾರರ ಮೇಲೆ ಒಂದು ಆಕ್ಷೇಪ ಕೊನೆಯವರೆಗೂ ಇತ್ತು: ಇವರು ಕಲಿಸುವುದು ಬರಿಯ ದೇಹದ ಕಸರತ್ತು, ಧ್ಯಾನವೆಲ್ಲಿ? ಅದಕ್ಕೆ ಅವರ ಸಮಾಧಾನ ನನಗೆ ಬಹಳ ಹಿಡಿಸಿದೆ. ಆಸನದಲ್ಲಿ ನಿಂತವನು ಕಾಲಿನ ಹೆಬ್ಬೆರಳಿನಿಂದ ನೆತ್ತಿಯವರೆಗೆ ಗಮನವನ್ನು ಹರಡಬಲ್ಲನಾದರೆ ಅದೇ ಧ್ಯಾನದ ಆರಂಭ. ಬೆನ್ನು ನೋಯುತ್ತಿರುವವನಿಗೆ ಕಣ್ಣು ಮುಚ್ಚಿ ಕೂಡೆಂದರೆ ಅವನು ಧ್ಯಾನಿಸುವುದು ಬೆನ್ನನ್ನೇ. ಪತಂಜಲಿ ಯಮನಿಯಮಗಳಿಂದ ಆರಂಭಿಸಿ ಏಳನೆಯ ಮೆಟ್ಟಿಲಲ್ಲಿ ಧ್ಯಾನವನ್ನಿಟ್ಟನು. ನಾವು ಆರು ಮೆಟ್ಟಿಲುಗಳನ್ನು ಹಾರಿ ಏಳನೆಯದನ್ನು ಏಳು ದಿನಗಳಲ್ಲಿ ಕೊಳ್ಳಹೊರಟಿದ್ದೇವೆ. ಅಯ್ಯಂಗಾರರು ಸಾವಿರಾರು ರೋಗಿಗಳ ನೋವನ್ನು ತಗ್ಗಿಸಿದ್ದು ನಿಜ. ಆದರೆ 2014ರ ಆಗಸ್ಟ್ 20ರಂದು, ತೊಂಬತ್ತೈದರ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಪುಣೆಯ ಒಂದು ಆಸ್ಪತ್ರೆಯಲ್ಲಿ, ವೈದ್ಯರ ಆರೈಕೆಯಲ್ಲಿ. ಇದನ್ನು ಅವರ ಯೋಗದ ಸೋಲೆಂದು ಭಾವಿಸುವವರಿಗೆ ಯೋಗವೂ ತಿಳಿಯದು, ದೇಹವೂ ತಿಳಿಯದು.

ಇನ್ನು ವಿಜ್ಞಾನದ ಮಾತು. ಧ್ಯಾನವನ್ನು ಅಳೆಯುವ ಹಂಬಲವೂ ಪುಣೆಯ ಮಗ್ಗುಲಿನಲ್ಲೇ ಹುಟ್ಟಿತೆಂಬುದು ಆಕಸ್ಮಿಕವಾದರೂ ಸಂತೋಷದ ಸಂಗತಿ. ಲೋಣಾವಳೆಯಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ ‘ಯೋಗ ಮೀಮಾಂಸಾ’ ಎಂಬ ನಿಯತಕಾಲಿಕವನ್ನು ಹೊರಡಿಸಿ, ಕ್ಷಕಿರಣ ಮತ್ತು ಒತ್ತಡಮಾಪಕಗಳನ್ನು ಯೋಗಿಯ ಬಳಿಗೆ ತಂದರು. ಪವಾಡವನ್ನು ಒಪ್ಪದೆ, ಅನುಭವವನ್ನು ತಳ್ಳದೆ, ಅಳೆದು ನೋಡೋಣವೆಂಬ ಮನೋಧರ್ಮ ಅದು. ನೂರು ವರ್ಷಗಳ ಅಳತೆಯಿಂದ ಈಗ ಕೆಲವು ಮಾತುಗಳನ್ನು ಧೈರ್ಯದಿಂದ ಹೇಳಬಹುದಾಗಿದೆ.

ಎಲ್ಲಕ್ಕೂ ಮೊದಲು ಉಸಿರು. ಸುಮ್ಮನೆ ಕುಳಿತ ವಯಸ್ಕನು ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಬಾರಿ ಉಸಿರಾಡುತ್ತಾನೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಅಚ್ಚುಮೆಚ್ಚಿನದು. ಇಟಲಿಯ ಸಂಶೋಧಕರು 23 ಜನ ಆರೋಗ್ಯವಂತರಿಂದ ಒಮ್ಮೆ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಇನ್ನೊಮ್ಮೆ ಬೌದ್ಧ ಮಂತ್ರವನ್ನೂ ಹೇಳಿಸಿದರು. ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ರಕ್ತದೊತ್ತಡದ ಏರಿಳಿತಕ್ಕೆ ತಕ್ಕಂತೆ ಹೃದಯದ ಬಡಿತವನ್ನು ಹದಗೊಳಿಸುವ ಶರೀರದ ಸಹಜ ವ್ಯವಸ್ಥೆ ಚುರುಕಾಯಿತು. ಅಂದರೆ ನಾಮವು ಯಾವ ದೇವರದಾಗಿದ್ದರೂ ಎದೆಗೂಡು ಒಂದೇ ಲಯವನ್ನು ಕಲಿತಿದೆ. ಇಂಚಗೇರಿಯ ಒಕ್ಕಲಿಗನು ನಾಮವನ್ನು ಉಸಿರಿಗೆ ಹೊಂದಿಸಿ ಕುಳಿತಾಗ ಅವನ ಹೃದಯಕ್ಕೆ ಏನಾಗುತ್ತಿತ್ತೆಂಬುದರ ಒಂದು ತುಣುಕು ಉತ್ತರ ಇಲ್ಲಿದೆ.

ಮನಸ್ಸಿನ ವಿಷಯಕ್ಕೆ ಬಂದರೆ, ಅಮೆರಿಕದ ವೈದ್ಯಕೀಯ ಸಂಘದ ಆಂತರಿಕ ವೈದ್ಯವಿಭಾಗದ ಪತ್ರಿಕೆಯೊಂದರಲ್ಲಿ 2014ರಲ್ಲಿ 47 ಪ್ರಯೋಗಗಳ, 3,515 ಜನರ ಮಾಹಿತಿಯನ್ನು ಒಟ್ಟಿಗೆ ತೂಗಿ ನೋಡಿದ ಸಮೀಕ್ಷೆ ಬಂದಿತು. ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಧ್ಯಾನದಿಂದ ಸಾಧಾರಣವಾದ, ಆದರೆ ಅಲ್ಲಗಳೆಯಲಾಗದ ಉಪಶಮನ ಕಂಡಿತು. ಔಷಧಿ, ವ್ಯಾಯಾಮ ಮುಂತಾದ ಇತರ ಚಿಕಿತ್ಸೆಗಳಿಗಿಂತ ಧ್ಯಾನ ಮೇಲೆಂಬುದಕ್ಕೆ ಆಧಾರ ಸಿಗಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಿಂದ 2000ದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವೂ ಇಂಥದೇ ಪಾಠ ಹೇಳುತ್ತದೆ. ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ 45 ಜನರಲ್ಲಿ ಹದಿನೈದು ಜನರಿಗೆ ವಿದ್ಯುತ್ ಚಿಕಿತ್ಸೆ, ಹದಿನೈದು ಜನರಿಗೆ ಔಷಧಿ, ಹದಿನೈದು ಜನರಿಗೆ ಲಯಬದ್ಧ ಉಸಿರಾಟದ ಸುದರ್ಶನ ಕ್ರಿಯೆ. ನಾಲ್ಕು ವಾರಗಳ ಬಳಿಕ ಚೇತರಿಸಿಕೊಂಡವರ ಪ್ರಮಾಣ ಕ್ರಮವಾಗಿ ನೂರಕ್ಕೆ 93, 73 ಮತ್ತು 67. ಉಸಿರಾಟದ ಅಭ್ಯಾಸವೊಂದು ಔಷಧಿಯ ಹತ್ತಿರ ಹತ್ತಿರ ಬಂದು ನಿಂತದ್ದು ಸಣ್ಣ ಮಾತಲ್ಲ. ಆದರೆ ಅದು ನಡೆದದ್ದು ಮನೋವೈದ್ಯರ ಕಣ್ಣೆದುರಿಗೆ ಎಂಬುದನ್ನು ಚೀಟಿ ಅಚ್ಚುಹಾಕುವವರು ಹೇಳುವುದಿಲ್ಲ. ರಕ್ತದೊತ್ತಡದ ಮಾತು ಬಂದರೆ, ಅಮೆರಿಕದ ಹೃದಯ ಸಂಘ 2017ರಲ್ಲಿ ಹೇಳಿದ್ದು ಇಷ್ಟೇ: ಧ್ಯಾನದಿಂದ ಪ್ರಯೋಜನವಿರಬಹುದು, ರೂಢಿಯ ಚಿಕಿತ್ಸೆಯ ಜೊತೆಗೆ ಮಾಡಬಹುದು. ಆ ‘ಜೊತೆಗೆ’ ಎಂಬ ಒಂದು ಪದ ನಮ್ಮ ಮಾವನ ಕಿವಿಗೆ ಸಕಾಲದಲ್ಲಿ ಬೀಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ದೀರ್ಘ ಮೌನಶಿಬಿರಗಳಲ್ಲಿ ಕೆಲವರಿಗೆ ಹಳೆಯ ಆಘಾತಗಳು ಮರುಕಳಿಸುತ್ತವೆ, ಭಯ ಹೆಚ್ಚುತ್ತದೆ, ಅಪರೂಪಕ್ಕೆ ಚಿತ್ತವೇ ಕದಡುತ್ತದೆ. 2020ರಲ್ಲಿ 83 ಅಧ್ಯಯನಗಳನ್ನು ಪರಿಶೀಲಿಸಿದ ಸಮೀಕ್ಷೆಯೊಂದು ಇಂಥ ಅಹಿತ ಪರಿಣಾಮಗಳು ನೂರರಲ್ಲಿ ಸುಮಾರು ಎಂಟು ಜನರಿಗೆ ಆಗುತ್ತವೆಂದು ಅಂದಾಜಿಸಿತು. ನಮ್ಮ ಹಿರಿಯರು ಗುರುವಿಲ್ಲದೆ ಕೂಡಬೇಡ ಎಂದದ್ದರಲ್ಲಿ ಇದರ ಅರಿವೂ ಸ್ವಲ್ಪ ಇದ್ದಿರಬೇಕು.

ಇಷ್ಟು ಹೊತ್ತು ರೋಗಿಯ ಲೆಕ್ಕವಾಯಿತು. ದುಡಿಯುವವನ ಲೆಕ್ಕ ಇದಕ್ಕಿಂತ ಗಂಭೀರವಾದದ್ದು.

ನನ್ನ ಅಣ್ಣನ ಮಗಳು ಹಿಂಜವಡಿಯ ಒಂದು ತಂತ್ರಾಂಶ ಕಂಪನಿಯಲ್ಲಿದ್ದಾಳೆ. ಅಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಇಪ್ಪತ್ತು ನಿಮಿಷ ಸಾಮೂಹಿಕ ಧ್ಯಾನ; ಮಂದ ಬೆಳಕು, ಮೆಲುದನಿಯ ಸೂಚನೆಗಳು. ಅದೇ ಬುಧವಾರ ರಾತ್ರಿ ಹನ್ನೊಂದಕ್ಕೆ ಅಮೆರಿಕದವರೊಂದಿಗೆ ದೂರವಾಣಿ ಸಭೆ. ಬೆಳಿಗ್ಗೆ ಎಂಟಕ್ಕೆ ಮತ್ತೆ ಬಸ್ಸು, ಮತ್ತೆ ಹಿಂಜವಡಿಯ ವಾಹನಗಳ ಗದ್ದಲ. ಅವಳು ನಗುತ್ತ ಹೇಳಿದಳು: “ಕಾಕಾ, ಕಣ್ಣ ಮುಚ್ಚಿದ ಕೂಡಲೇ ನಿದ್ದಿ ಬರ್ತದ. ಅವರು ಅದನ್ನ ಧ್ಯಾನ ಅಂತ ಬರಕೋತಾರ.” ನಿದ್ದೆಗೆಟ್ಟವಳಿಗೆ ಬೇಕಾದದ್ದು ನಿದ್ದೆ. ಕಸಿದುಕೊಂಡ ನಿದ್ದೆಯನ್ನು ಹಿಂದಿರುಗಿಸದೆ ಅದರ ಬದಲಿಗೆ ಇಪ್ಪತ್ತು ನಿಮಿಷದ ಶಾಂತಿಯನ್ನು ದಾನವಾಗಿ ಕೊಡುವುದಕ್ಕೆ ಯಾವ ಶಾಸ್ತ್ರದ ಆಧಾರವಿದೆ?

2024ರಲ್ಲಿ ಇದೇ ಪುಣೆಯ ಯುವ ಲೆಕ್ಕಪರಿಶೋಧಕಿಯೊಬ್ಬರ ಸಾವಿನ ಬಳಿಕ, ಅತಿಯಾದ ಕೆಲಸದ ಹೊರೆಯ ಬಗ್ಗೆ ಅವರ ತಾಯಿ ಬರೆದ ಪತ್ರ ದೇಶದಲ್ಲೆಲ್ಲ ಚರ್ಚೆಯಾಯಿತು. ಆಗ ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಚೆನ್ನೈಯ ಸಮಾರಂಭವೊಂದರಲ್ಲಿ, ಒತ್ತಡವನ್ನು ಎದುರಿಸುವ ಅಂತಃಶಕ್ತಿ ದೈವಭಾವದಿಂದ ಬರುತ್ತದೆ, ಅದನ್ನು ಮನೆಯಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಕಲಿಸಬೇಕು ಎಂಬರ್ಥದ ಮಾತನ್ನಾಡಿದರು. ಸಾಕಷ್ಟು ಟೀಕೆಯೂ ಬಂತು. ಅವರ ಮಾತಿನಲ್ಲಿ ದುರುದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಅಂತಃಶಕ್ತಿ ಬೇಕೆಂಬುದನ್ನು ಇಂಚಗೇರಿಯ ಪರಂಪರೆಯೂ ಹೇಳುತ್ತದೆ. ಆದರೆ ಹೊರೆ ಹೊತ್ತವನಿಗೆ ಭುಜ ಗಟ್ಟಿಮಾಡಿಕೋ ಎನ್ನುವ ಮೊದಲು ಹೊರೆ ಹೊರಿಸಿದವನನ್ನು ತೂಕ ಎಷ್ಟೆಂದು ಕೇಳಬೇಕಲ್ಲವೆ? ಕಾರ್ಮಿಕರ ದಿನಕ್ಕೆ ಎಂಟು ಗಂಟೆಗಳ ಮಿತಿಯನ್ನು ತಂದದ್ದು ಧ್ಯಾನವಲ್ಲ, ಹೋರಾಟ ಮತ್ತು ಕಾನೂನು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿತು. ಸಂತೋಷ. ಆ ದಿನ ಕಂಪನಿಗಳು ನೌಕರರಿಗೆ ರಜೆ ಕೊಟ್ಟರೆ ಸಂತೋಷ ಇಮ್ಮಡಿಯಾದೀತು.

ಹಿಂಜವಡಿಯ ಗೋಪುರಗಳನ್ನು ಕಟ್ಟಿದವರ ಮಾತನ್ನೂ ಇಲ್ಲಿ ಆಡಬೇಕು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದ ನಮ್ಮ ಜನ ಬೆಳಿಗ್ಗೆ ಎಂಟಕ್ಕೆ ಮಜೂರ ಅಡ್ಡಾಗಳಲ್ಲಿ ಬುತ್ತಿ ಹಿಡಿದು ನಿಂತಿರುತ್ತಾರೆ. ಒತ್ತಡನಿವಾರಣೆಯ ಚೀಟಿಯನ್ನು ಅವರ ಕೈಗೆ ಯಾರೂ ಕೊಡುವುದಿಲ್ಲ, ಏಕೆಂದರೆ ಶುಲ್ಕ ಕೊಡುವವರಲ್ಲ. ಆದರೆ ಏಕಾದಶಿಯ ರಾತ್ರಿ ತಗಡಿನ ಶೆಡ್ಡುಗಳ ನಡುವೆ ಹೋದರೆ ತಾಳ, ಏಕತಾರಿಯ ದನಿ ಕೇಳುತ್ತದೆ. ಪದ ಹೇಳುವವನ ಉಸಿರು ನಿಧಾನವಾಗುತ್ತದೆ, ಕೇಳುವವರದೂ ನಿಧಾನವಾಗುತ್ತದೆ. ಮೇಲೆ ಹೇಳಿದ ಇಟಲಿಯ ಸಂಶೋಧಕರು ಅಲ್ಲಿಗೆ ಬಂದಿದ್ದರೆ ಅವರಿಗೆ ಬೇಕಾದ ಲಯ ಅಲ್ಲಿಯೂ ಸಿಗುತ್ತಿತ್ತೇನೋ. ಅಲ್ಲಿ ಯಾರೂ ಅದನ್ನು ಆರೋಗ್ಯವೆಂದು ಕರೆಯುವುದಿಲ್ಲ. ಒಂದು ರಾತ್ರಿಯಾದರೂ ತಮ್ಮದಾಗಿ ಸಿಕ್ಕಿತೆಂಬ ನೆಮ್ಮದಿ ಅಷ್ಟೇ.

ಆದುದರಿಂದ ಓದುಗರ ಮುಂದೆ, ವಿಶೇಷವಾಗಿ ಸಂಘದ ಕಾರ್ಯಕರ್ತರ ಮುಂದೆ, ಒಂದು ಸಣ್ಣ ಸೂಚನೆಯನ್ನಿಡುತ್ತೇನೆ. ಹೊರನಾಡಿನ ನಮ್ಮ ಸಂಘಗಳು ರಾಜ್ಯೋತ್ಸವ, ಯಕ್ಷಗಾನ, ನಾಟಕಗಳಿಗೆ ಕೊಠಡಿ ತೆರೆಯುತ್ತವೆ. ಶಿಬಿರಗಳವರಿಗೆ ಬಾಡಿಗೆಗೂ ಕೊಡುತ್ತವೆ. ಭಾನುವಾರ ಬೆಳಿಗ್ಗೆ ಆರರಿಂದ ಏಳರವರೆಗೆ ಒಂದು ಕೊಠಡಿಯನ್ನು ಸುಮ್ಮನೆ ಕೂಡಬಯಸುವವರಿಗೆ ತೆರೆದಿಡೋಣ. ಶುಲ್ಕ ಬೇಡ, ಭಾವಚಿತ್ರ ಬೇಡ, ಪ್ರವಚನ ಬೇಡ. ಇಷ್ಟಲಿಂಗ ಹಿಡಿದು ಕೂಡುವವರು ಹಾಗೆ ಕೂಡಲಿ, ನಾಮ ಹೇಳುವವರು ಮನದಲ್ಲಿ ಹೇಳಲಿ, ದೇವರಲ್ಲಿ ನಂಬಿಕೆಯಿಲ್ಲದವರು ಉಸಿರನ್ನು ಎಣಿಸಲಿ. ನೆಲದ ಮೇಲೆ ಕೂಡಲಾಗದವರಿಗೆ ನಾಲ್ಕು ಕುರ್ಚಿ ಇರಲಿ. ಬಾಗಿಲ ಬಳಿಯ ಮೇಜಿನ ಮೇಲೆ ರಕ್ತದೊತ್ತಡ ಅಳೆಯುವ ಯಂತ್ರವೊಂದಿರಲಿ. ನಮ್ಮಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ, ತಿಂಗಳಿಗೊಬ್ಬರು ಬಂದು ಕುಳಿತರೆ ಸಾಕು. ಗೋಡೆಯ ಮೇಲೆ ಒಂದೇ ಒಂದು ಫಲಕ: ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ.

ಇದನ್ನು ಮಾವನಿಗೆ ಓದಿ ಹೇಳಿದೆ. ಬರುತ್ತೇನೆಂದಿದ್ದಾರೆ. ಮೆಟ್ಟಿಲು ಹತ್ತುವಾಗ ಎಡಗೈ ಹಿಡಿಯಲು ಒಬ್ಬರು ಬೇಕಂತೆ. ಕೆಳಗಿನ ಕೊಠಡಿಯೇ ಆದರೆ ಇನ್ನೂ ಒಳ್ಳೆಯದಂತೆ.